ದೂರದ ಗುರಿ, ಹಗುರ ಕಿಸೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ವಾಚನಾಲಯದ ಬಾಗಿಲು ಹಾಕುವ ಹೊತ್ತಿನಲ್ಲಿ ತರುಣ ಸದಸ್ಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಸಾವಿರ ಗಜ ದೂರದ ಗುರಿಹಲಗೆಗೆ ಗುಂಡು ಹೊಡೆಯುವ ಆಟದ ವಿಚಾರವನ್ನು ಅವರು ಎಲ್ಲಿಯೋ ಓದಿದ್ದರು. “ನಮ್ಮಂಥ ಸಂಬಳಗಾರರಿಗೆ ಎಟುಕುವ ಒಳ್ಳೆಯ ಬೋಲ್ಟ್ ರೈಫಲು ಯಾವುದು ಸಾರ್? ಬೇಕಾದರೆ ಪ್ರಾವಿಡೆಂಟ್ ಫಂಡಿನಿಂದ ಸ್ವಲ್ಪ ಹಣ ತೆಗೆಯುತ್ತೇನೆ” ಎಂದರು. ಬರಿಯ ಹವ್ಯಾಸದ ಮಾತಾಗಿದ್ದರೆ ನಕ್ಕು ಎರಡು ಮಾತು ಹೇಳಿ ಹೊರಡುತ್ತಿದ್ದೆವು. ಪ್ರಾವಿಡೆಂಟ್ ಫಂಡಿನ ಹೆಸರು ಬಂದ ಮೇಲೆ ಹಾಗೆ ಹೊರಡುವುದು ಸರಿಯಲ್ಲವೆಂದು ತೋರಿತು. ಆದ್ದರಿಂದ ಇಂದು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಗುಮಾಸ್ತನಿಗೇಕೆ ಬಂದೂಕು ಎಂದು ಕೆಲವರು ಮುಗುಳ್ನಗಬಹುದು. ಆದರೆ ಈ ಆಟ ಬೆಳೆದದ್ದರಲ್ಲಿ ಗುಮಾಸ್ತರ ಪಾಲೂ ಉಂಟು. ೧೮೫೯ರಲ್ಲಿ ಫ್ರಾನ್ಸು ದಂಡೆತ್ತಿ ಬಂದೀತೆಂಬ ಭಯದಿಂದ ಇಂಗ್ಲೆಂಡಿನಲ್ಲಿ ಸ್ವಯಂಸೇವಕ ಪಡೆಗಳು ಹುಟ್ಟಿಕೊಂಡವು. ಕಚೇರಿಯ ಕಾರಕೂನರು, ಅಂಗಡಿಯವರು, ಕೈಕಸುಬಿನವರು ಅವುಗಳಲ್ಲಿ ಸೇರಿದರು. ಗುರಿಯ ಅಭ್ಯಾಸವನ್ನು ಬೆಳೆಸಲು ಅದೇ ವರ್ಷ ಅಲ್ಲಿಯ ರಾಷ್ಟ್ರೀಯ ರೈಫಲ್ ಸಂಘ ಸ್ಥಾಪನೆಯಾಯಿತು. ೧೮೬೦ರ ಜುಲೈ ತಿಂಗಳಲ್ಲಿ ವಿಂಬಲ್ಡನ್ ಬಯಲಿನಲ್ಲಿ ಮೊದಲ ಸ್ಪರ್ಧೆ ನಡೆದಾಗ ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿದಳು. ೪೦೦ ಗಜ ದೂರದ ಹಲಗೆಯ ನಟ್ಟನಡುವಿನಿಂದ ಒಂದೆರಡು ಅಂಗುಲದೊಳಗೇ ಗುಂಡು ನಾಟಿತು.

ಇದರಲ್ಲೊಂದು ಗುಟ್ಟುಂಟು. ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ತನ್ನ ಬೆಲೆಬಾಳುವ ರೈಫಲನ್ನು ಒಂದು ಆಸರೆಯ ಮೇಲೆ ಬಿಗಿದು, ಮೊದಲೇ ಗುರಿ ಕೂಡಿಸಿ ಇಟ್ಟಿದ್ದನು. ರಾಣಿ ಹುರಿಯನ್ನು ಎಳೆದಳು, ಅಷ್ಟೆ. ಹಣ ಕೊಟ್ಟರೆ ಸಿಗುವ ನಿಖರತೆ ಯಾವುದು, ಸಿಗದಿರುವುದು ಯಾವುದು ಎಂಬುದನ್ನು ಆ ಒಂದು ಗುಂಡೇ ಹೇಳುತ್ತದೆ. ನಮಗೆ ಗುರಿ ಕೂಡಿಸಿ ಕೊಡುವವರು ಯಾರೂ ಇಲ್ಲ. ಆ ಕೆಲಸ ನಮ್ಮ ಕಣ್ಣು, ಕೈ, ಉಸಿರುಗಳದ್ದು.

ಈಗ ಬೋಲ್ಟ್ ಎಂದರೇನು ನೋಡೋಣ. ನಮ್ಮ ಖೋಲಿಯ ಬಾಗಿಲಿನ ಚಿಲಕವನ್ನು ನೆನೆದುಕೊಳ್ಳಿ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಹಾರಿಸಿದ ತೋಟಾದ ಚಿಪ್ಪು ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ತಿರುಗಿಸಿದರೆ ಹೊಸ ತೋಟಾ ನಳಿಗೆಯ ಬುಡದಲ್ಲಿ ಕುಳಿತು ಚಿಲಕ ಬೀಳುತ್ತದೆ. ಕದಲುವ ಭಾಗಗಳು ಕಡಿಮೆ. ಆದ್ದರಿಂದ ಕಡಿಮೆ ಖರ್ಚಿನಲ್ಲಿ ಬಿಗಿಯಾಗಿ, ನಿಖರವಾಗಿ ಮಾಡಲು ಬರುತ್ತದೆ. ಜರ್ಮನಿಯ ಮೌಸರನ ೧೮೯೮ರ ಮಾದರಿ ಇದರಲ್ಲಿ ಹೆಸರಾದದ್ದು. ಇಂದಿನ ಎಷ್ಟೋ ರೈಫಲುಗಳನ್ನು ಅದರ ಮರಿಮಕ್ಕಳೆಂದರೆ ತಪ್ಪಾಗದು.

ಅಗ್ಗದ ರೈಫಲಿನಿಂದ ದೂರದ ಗುರಿಗೆ ಹೊಡೆಯುವ ಆಟ ಇಂದು ಹೆಚ್ಚಾಗಿ ನಡೆಯುವುದು ಅಮೆರಿಕದಲ್ಲಿ. ಅಲ್ಲಿಯ ಕೆಲಸಗಾರನ ಲೆಕ್ಕವನ್ನೇ ಮೊದಲು ಹಾಕೋಣ. ಸ್ಯಾವೇಜ್, ರೂಗರ್, ಜಪಾನಿನ ಹೋವಾ, ಫಿನ್ಲೆಂಡಿನ ಟಿಕ್ಕಾ ಇವು ಅವನ ಕೈಗೆಟುಕುವ ಹೆಸರುಗಳು. ಸುಮಾರು ಐದಾರು ನೂರು ಡಾಲರಿನಿಂದ ಸಾವಿರದವರೆಗೆ ಬೆಲೆ. ಹೇಳಿ ಮಾಡಿಸಿದ ಸ್ಪರ್ಧಾ ರೈಫಲಾದರೆ ನಾಲ್ಕೈದು ಸಾವಿರವೂ ಆದೀತು. ಹಾಗೆಂದು ಅಗ್ಗದ್ದು ಕಳಪೆಯಲ್ಲ. ಸ್ಯಾವೇಜ್ ಕಾರ್ಖಾನೆಯವರು ೧೯೫೮ರಲ್ಲಿ ತಂದ ೧೧೦ ಎಂಬ ಮಾದರಿಯಲ್ಲಿ ನಳಿಗೆಯನ್ನು ಒಂದು ನಟ್ಟಿನಿಂದ ಬಿಗಿಯುವ ಉಪಾಯವಿತ್ತು. ತೋಟಾ ಕುಳಿತುಕೊಳ್ಳುವ ಅಳತೆಯನ್ನು ಸರಿಪಡಿಸಿ ನಟ್ಟು ಬಿಗಿದರೆ ಮುಗಿಯಿತು. ನಿಪುಣ ಕಮ್ಮಾರನ ಗಂಟೆಗಟ್ಟಲೆ ಕೆಲಸ ಉಳಿಯಿತು, ಬೆಲೆಯೂ ಇಳಿಯಿತು, ನಿಖರತೆ ಮಾತ್ರ ಇಳಿಯಲಿಲ್ಲ.

ಎಷ್ಟು ನಿಖರತೆ ಸಾಕು? ಇಲ್ಲಿ ಸ್ವಲ್ಪ ಗಣಿತ ಬೇಕು. ಒಂದು ಅಂಶದ ಅರವತ್ತನೆಯ ಪಾಲನ್ನು ನಮ್ಮ ಪಂಚಾಂಗದವರು ‘ಕಲೆ’ ಎನ್ನುತ್ತಾರೆ. ಗುರಿಕಾರರ ಅಳತೆಯೂ ಅದೇ. ಒಂದು ಕಲೆಯೆಂದರೆ ನೂರು ಗಜದಲ್ಲಿ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಸಾವಿರ ಗಜದಲ್ಲಿ ಸುಮಾರು ಹತ್ತೂವರೆ ಅಂಗುಲ. ಒಳ್ಳೆಯ ತೋಟಾ ಹಾಕಿದರೆ ಮೇಲೆ ಹೇಳಿದ ಅಗ್ಗದ ರೈಫಲುಗಳಲ್ಲಿ ಅನೇಕವು ಒಂದು ಕಲೆಯ ಆಸುಪಾಸಿನಲ್ಲಿ ಗುಂಡುಗಳನ್ನು ಕೂಡಿಸುತ್ತವೆ. ಅಮೆರಿಕದ ಸಾವಿರ ಗಜದ ಹಲಗೆಯಲ್ಲಿ ಹತ್ತು ಅಂಕದ ವೃತ್ತ ೨೦ ಅಂಗುಲ ಅಗಲ. ಎಂದರೆ ರೈಫಲು ತನ್ನ ಪಾಲಿನ ಕೆಲಸವನ್ನು ಮಾಡಿ ಇನ್ನೂ ಜಾಗ ಉಳಿಯುತ್ತದೆ.

ಉಳಿದ ಜಾಗವನ್ನು ತಿನ್ನುವುದು ಗಾಳಿ. .೩೦೮ ಎಂಬ ಹೆಸರಾಂತ ತೋಟಾದ ಗುಂಡು ಸಾವಿರ ಗಜ ಮುಟ್ಟುವ ಹೊತ್ತಿಗೆ, ನೂರು ಗಜಕ್ಕೆ ಹೂಡಿದ ಗುರಿಯಿಂದ ಸುಮಾರು ೧೦ ಮೀಟರು ಕೆಳಗಿಳಿದಿರುತ್ತದೆ. ಮೂರು ಮಾಳಿಗೆಯ ಚಾಳಿನಷ್ಟು ಎತ್ತರ! ಇದಕ್ಕೆ ಹೆದರಬೇಕಾಗಿಲ್ಲ. ಭೂಮಿಯ ಸೆಳೆತ ದಿನವೂ ಒಂದೇ. ಲೆಕ್ಕ ಹಾಕಿ ದುರ್ಬೀನಿನ ತಿರುಪು ತಿರುಗಿಸಿದರಾಯಿತು. ಗಾಳಿಯಾದರೋ ನಿಮಿಷಕ್ಕೊಂದು ಬಗೆ. ಅಡ್ಡ ಬೀಸುವ ಗಾಳಿ ಗಂಟೆಗೆ ಒಂದೇ ಮೈಲಿಯಷ್ಟು ಹೆಚ್ಚಾದರೂ ಅಷ್ಟು ದೂರದಲ್ಲಿ ಗುಂಡು ಒಂಬತ್ತು ಹತ್ತು ಅಂಗುಲ ಸರಿಯುತ್ತದೆ. ಎರಡು ಮೈಲಿಯ ತಪ್ಪು ಅಂದಾಜಾದರೆ ಐದು ಸಾವಿರ ಡಾಲರಿನ ರೈಫಲೂ ಹತ್ತರ ವೃತ್ತದ ಹೊರಗೇ ಹೊಡೆದೀತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾಳಿಯನ್ನು ಓದಲಾರದವನು ಬಂದೂಕು ಡೊಂಕು ಎನ್ನುತ್ತಾನೆ.

ಇನ್ನು ಜಮಾಖರ್ಚು. ೨೦೦೭ರಲ್ಲಿ ಹೊರಬಂದ ೬.೫ ಕ್ರೀಡ್‌ಮೂರ್ ಎಂಬ ತೋಟಾ ಈಗ ಹೆಚ್ಚು ಜನಪ್ರಿಯ. ಅದರ ಗುಂಡು ನೀಳವಾದದ್ದು. ಗಾಳಿಗೆ ಕಡಿಮೆ ಸರಿಯುತ್ತದೆ, ಭುಜಕ್ಕೆ ಬೀಳುವ ಒದೆತವೂ ಕಡಿಮೆ. ಆದರೆ ನಳಿಗೆ ಬೇಗ ಸವೆಯುತ್ತದೆ. ಎರಡು ಮೂರು ಸಾವಿರ ಗುಂಡುಗಳಾದ ಮೇಲೆ ಸ್ಪರ್ಧೆಯ ನಿಖರತೆ ಕುಗ್ಗುತ್ತದೆ. .೩೦೮ರ ನಳಿಗೆ ಐದು ಸಾವಿರದವರೆಗೂ ಬಾಳೀತು. ಸ್ಪರ್ಧೆಯ ದರ್ಜೆಯ ತೋಟಾ ಒಂದಕ್ಕೆ ಒಂದೂವರೆ ಡಾಲರ್ ಎಂದಿಟ್ಟುಕೊಳ್ಳೋಣ. ಎರಡು ಸಾವಿರ ತೋಟಾಗಳಿಗೆ ಮೂರು ಸಾವಿರ ಡಾಲರು! ಆರು ನೂರರ ರೈಫಲು, ಅದಕ್ಕೊಪ್ಪುವ ಆರು ನೂರರ ದುರ್ಬೀನು, ಎರಡೂ ಸೇರಿದರೂ ತೋಟಾದ ಲೆಕ್ಕದ ಅರ್ಧಕ್ಕೆ ಬರುವುದಿಲ್ಲ. ಕುದುರೆ ಕೊಳ್ಳುವುದು ಒಂದು ದಿನದ ಕೆಲಸ. ಹುರುಳಿ ಹಾಕುವುದು ದಿನವೂ ಇದ್ದದ್ದೇ.

ಹಾಗಾದರೆ ಆರಿಸುವವನು ನೋಡಬೇಕಾದದ್ದೇನು? ಐದು ಮಾತು ಹೇಳುತ್ತೇವೆ.

ಒಂದು, ನಳಿಗೆ ತುಸು ದಪ್ಪವಾಗಿರಲಿ. ತೆಳುವಾದ ನಳಿಗೆ ನಾಲ್ಕೈದು ಗುಂಡಿಗೇ ಕಾದು ಗುರಿಯನ್ನು ಅಲೆದಾಡಿಸೀತು.

ಎರಡು, ನಳಿಗೆಯ ಒಳಗಿನ ತಿರುಚು ಗುಂಡಿಗೆ ಹೊಂದಬೇಕು. ನೀಳ ಗುಂಡಿಗೆ ಬಿಗಿಯಾದ ತಿರುಚು ಬೇಕು. ೬.೫ಕ್ಕೆ ಎಂಟು ಅಂಗುಲಕ್ಕೊಂದು ಸುತ್ತು, .೩೦೮ಕ್ಕೆ ಹತ್ತರಿಂದ ಹನ್ನೆರಡು ಅಂಗುಲಕ್ಕೊಂದು ಸುತ್ತು ಇರುವುದು ವಾಡಿಕೆ.

ಮೂರು, ಬಂದೂಕಿನ ದಿಮ್ಮಿ ನಳಿಗೆಗೆ ತಾಗಬಾರದು. ನಡುವೆ ಒಂದು ನೋಟನ್ನು ತೂರಿಸಿ ಬುಡದವರೆಗೆ ಎಳೆದು ನೋಡಿ. ಎಲ್ಲಿಯೂ ಸಿಕ್ಕಿಕೊಳ್ಳದೆ ಬಂದರೆ ಒಳ್ಳೆಯದು.

ನಾಲ್ಕು, ಟ್ರಿಗರು ಹಗುರಾಗಿರಲಿ, ಎಳೆಯುವಾಗ ಜಗ್ಗಾಡದೆ ಒಮ್ಮೆಗೇ ಬಿಡಲಿ.

ಐದು, ರೈಫಲಿನಲ್ಲಿ ಉಳಿಸಿದ ಹಣವನ್ನು ದುರ್ಬೀನಿಗೂ ಅದನ್ನು ಕೂಡಿಸುವ ಪಟ್ಟಿಗೂ ಹಾಕಿ. ಸಡಿಲವಾದ ಒಂದು ತಿರುಪು ಉಳಿದದ್ದನ್ನೆಲ್ಲ ಕೆಡಿಸುತ್ತದೆ. ಹೊಳಪು, ಚಿತ್ತಾರ, ಹೆಸರು, ಇವಕ್ಕೆ ಹಲಗೆಯ ಮೇಲೆ ಒಂದು ಅಂಕವೂ ಇಲ್ಲ.

ಇದು ಆ ದೇಶದ ಮಾತಾಯಿತು. ನಮ್ಮ ದೇಶದಲ್ಲಿ ಕಾನೂನು ಬೇರೆ. ಬಂದೂಕೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿ ಅಲ್ಲಿಯದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಆಯುಧಗಳಿಗೆ ಲೈಸೆನ್ಸಿನಿಂದ ವಿನಾಯಿತಿಯುಂಟು. ೨೦೧೯ರಲ್ಲಿ ಕೇಂದ್ರ ಸರಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಉಳಿದ ನಮಗೆಲ್ಲ ೧೯೫೯ರ ಆಯುಧ ಕಾಯದೆಯೇ ಗತಿ. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ ಜೈಲು. ಸೈನ್ಯ ಪೊಲೀಸರ .೩೦೩, ೭.೬೨ ಅಳತೆಗಳು ಸಾಮಾನ್ಯ ಪ್ರಜೆಗೆ ನಿಷಿದ್ಧ, ಮೇಲೆ ಹೇಳಿದ.೩೦೮ ಆ ೭.೬೨ರ ಒಡಹುಟ್ಟೇ ಸರಿ. ಅಮೆರಿಕದ ಪಟ್ಟಿಯನ್ನು ಹಿಡಿದು ಇಲ್ಲಿ ಅಂಗಡಿಗೆ ಹೋಗಿ ಫಲವಿಲ್ಲ.

ಬಂಗಾಳದ ಇಶಾಪುರದ ಸರಕಾರೀ ಕಾರ್ಖಾನೆ .೩೧೫ ಅಳತೆಯ ಬೋಲ್ಟ್ ರೈಫಲನ್ನು ನಾಗರಿಕರಿಗಾಗಿ ಮಾಡುತ್ತ ಬಂದಿದೆ. ಹಳೆಯ ಲೀ ಎನ್‌ಫೀಲ್ಡ್ ರೈಫಲಿನ ವಂಶದ್ದು, ಗಟ್ಟಿಮುಟ್ಟಾದದ್ದು. ಆದರೆ ದೂರದ ಗುರಿಯ ಆಟಕ್ಕಾಗಿ ಹುಟ್ಟಿದ್ದಲ್ಲ. ಸಾವಿರ ಗಜದ ಆಸೆಯಿಂದ ಅದನ್ನು ಕೊಂಡವನಿಗೆ ನಿರಾಶೆಯೇ ಗಂಟು.

ಹಾಗಾದರೆ ದಾರಿಯಿಲ್ಲವೆ? ಉಂಟು. ನಮ್ಮ ರಾಷ್ಟ್ರೀಯ ರೈಫಲ್ ಸಂಘ ೧೯೫೧ರಲ್ಲಿ ಹುಟ್ಟಿತು. ಲೋಕಸಭೆಯ ಮೊದಲ ಸಭಾಪತಿ ಮಾವಳಂಕರರು ಅದರ ಸ್ಥಾಪಕರು. ರಾಜ್ಯ ರಾಜ್ಯಗಳಲ್ಲಿ ಅದಕ್ಕೆ ಸೇರಿದ ಸಂಘಗಳು, ಕ್ಲಬ್ಬುಗಳು ಇವೆ. ದೆಹಲಿಯಲ್ಲಿ ತುಘಲಕಾಬಾದಿನ ಕರ್ಣಿ ಸಿಂಗ್ ಮೈದಾನ, ಪುಣೆಯಲ್ಲಿ ಬಾಲೇವಾಡಿ ಇವು ಹೆಸರಾದ ತಾಣಗಳು. ಕ್ಲಬ್ಬಿನಲ್ಲಿ ಮೊದಲ ಪಾಠ ಗುಂಡು ಹೊಡೆಯುವುದಲ್ಲ. ಬೋಲ್ಟನ್ನು ತೆರೆದಿಡುವುದು, ನಳಿಗೆಯ ಬಾಯನ್ನು ಹಲಗೆಯ ಕಡೆಗಲ್ಲದೆ ಬೇರೆಲ್ಲಿಗೂ ತಿರುಗಿಸದಿರುವುದು, ಇವೇ ಮೊದಲ ಪಾಠ. ಆಮೇಲೆ ೧೦ ಮೀಟರಿನ ಏರ್ ರೈಫಲು. ೪.೫ ಮಿಲಿಮೀಟರು ಅಳತೆ, ೨೦ ಜೌಲ್ ಶಕ್ತಿ, ಇವನ್ನು ಮೀರದ ಏರ್ ರೈಫಲಿಗೆ ಲೈಸೆನ್ಸು ಬೇಕಿಲ್ಲ. ಅನಂತರ ೫೦ ಮೀಟರಿನ .೨೨. ಕ್ಲಬ್ಬಿನ ಸದಸ್ಯನು ಗುರಿಯ ಅಭ್ಯಾಸಕ್ಕೆಂದು ಕೇಳುವ ಲೈಸೆನ್ಸನ್ನು ಕಾಯದೆಯೇ ಪ್ರತ್ಯೇಕವಾಗಿ ಹೆಸರಿಸಿದೆ.

ಐವತ್ತು ಮೀಟರೆಂದರೆ ಮಕ್ಕಳಾಟವೆಂದು ತಿಳಿಯಬೇಡಿ. ಆ ಹಲಗೆಯ ಹತ್ತರ ವೃತ್ತ ೧೦.೪ ಮಿಲಿಮೀಟರು. ಕಲೆಯ ಲೆಕ್ಕದಲ್ಲಿ ಅಳೆದರೆ ಅದು ಸಾವಿರ ಗಜದ ಹತ್ತರ ಅರ್ಧಕ್ಕಿಂತಲೂ ಚಿಕ್ಕದು! .೨೨ರ ಗುಂಡು ಹಗುರ, ನಿಧಾನ. ಸಣ್ಣ ಗಾಳಿಯೂ ಅದನ್ನು ಸರಿಸುತ್ತದೆ. ಅಮೆರಿಕದ ದೂರದ ಗುರಿಕಾರರಲ್ಲೂ ಎಷ್ಟೋ ಮಂದಿ .೨೨ ಬೋಲ್ಟ್ ರೈಫಲಿನಲ್ಲಿಯೇ ಗಾಳಿ ಓದುವುದನ್ನು ಕಲಿಯುತ್ತಾರೆ, ತೋಟಾ ಅಗ್ಗವೆಂಬ ಕಾರಣಕ್ಕೆ. ಬೇಕಾದ ವಿದ್ಯೆ ಒಂದೇ, ಅಂತರ ಮಾತ್ರ ಬೇರೆ.

ಬೆಳಗಾವಿಗೆ ನೆರೆಯದಾದ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆಯವರು ಮಧ್ಯ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರಾಗಿದ್ದವರು. ೨೦೨೪ರ ಆಗಸ್ಟ್ ೧ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೇ ೫೦ ಮೀಟರಿನ ಆಟದಲ್ಲಿ, ಮೊಣಕಾಲೂರಿ, ಮಲಗಿ, ನಿಂತು, ಮೂರು ಭಂಗಿಗಳಲ್ಲೂ ಹೊಡೆದು ೪೫೧.೪ ಅಂಕದೊಡನೆ ಕಂಚಿನ ಪದಕ ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು. ನಮ್ಮಂತೆ ತಿಂಗಳ ಸಂಬಳ ಎಣಿಸುವ ನೌಕರಿಯಲ್ಲಿದ್ದವರಿಂದ ಆದ ಕೆಲಸವಿದು. ಕ್ಲಬ್ಬಿನ ಬಾಗಿಲಿಗೆ ಹೋಗುವವನು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಸಂಕೋಚ ಬೇಕಾಗದು.

ಪ್ರಶ್ನೆ ಕೇಳಿದ ತರುಣರು ಇಲ್ಲಿಯೇ ಕುಳಿತಿದ್ದಾರೆ. ಅವರಿಗೆ ನಮ್ಮ ಉತ್ತರವಿಷ್ಟು. ಪ್ರಾವಿಡೆಂಟ್ ಫಂಡನ್ನು ಮುಟ್ಟಬೇಡಿ. ಅದು ತಂಗಿಯ ಮದುವೆಗೆ, ತಾಯಿಯ ಔಷಧಕ್ಕೆ, ನಿಮ್ಮ ಮುಪ್ಪಿಗೆ ಇರಲಿ. ಮೊದಲು ಕ್ಲಬ್ಬಿಗೆ ಹೋಗಿ, ಅಲ್ಲಿಯ ರೈಫಲಿನಿಂದಲೇ ಒಂದು ವರ್ಷ ಹೊಡೆಯಿರಿ. ಹೊಡೆದ ಪ್ರತಿಯೊಂದು ಗುಂಡನ್ನೂ ಅಂದಿನ ಗಾಳಿಯನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಲೆಕ್ಕ ಬರೆಯುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ವರ್ಷದ ಕೊನೆಗೂ ಆಸೆ ಉಳಿದಿದ್ದರೆ, ಯಾವ ರೈಫಲು ಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಆಗಲೂ ಕೊಳ್ಳುವುದು ಸಾದಾ ರೈಫಲಾಗಿರಲಿ, ಉಳಿದ ಹಣ ತೋಟಾಕ್ಕಿರಲಿ.

ಅವರು ತಮ್ಮ ಮೊದಲ ಹಲಗೆಯ ಕಾಗದವನ್ನು ತಂದು ತೋರಿಸಿದರೆ ನಮ್ಮ ಫಲಕದ ಮೇಲೆ ಅಂಟಿಸೋಣ. ತೂತುಗಳು ಎಲ್ಲಿದ್ದರೂ ಚಿಂತೆಯಿಲ್ಲ.