ಪುಟ್ಟ ಮಕ್ಕಳೊಡನೆ ಸಿಂಗಪುರದಲ್ಲಿ ನಾಲ್ಕು ದಿನ



ಬೇಸಿಗೆ ರಜೆ ಎಂದರೆ ಮುಂಬಯಿಯ ಕನ್ನಡಿಗರಿಗೆ ಊರಿನ ಬಸ್ಸು, ರೈಲು ನೆನಪಾಗುತ್ತಿದ್ದ ಕಾಲವೊಂದಿತ್ತು. ಉಡುಪಿಗೋ, ಮಂಗಳೂರಿಗೋ, ಹುಬ್ಬಳ್ಳಿಗೋ ಹೋಗಿ ಅಜ್ಜಿಮನೆಯಲ್ಲಿ ಒಂದು ತಿಂಗಳು ಕಳೆದು ಬರುವುದು. ಈಗಲೂ ಹಾಗೆ ಹೋಗುವವರಿದ್ದಾರೆ. ಆದರೆ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಂದು ತಿಂಗಳ ರಜೆ ಎಲ್ಲಿಂದ ತರುವುದು? ಅದಕ್ಕೇ ಶನಿವಾರ, ಭಾನುವಾರಗಳಿಗೆ ಎರಡು ದಿನದ ರಜೆ ಸೇರಿಸಿಕೊಂಡು, ಹತ್ತಿರದ ವಿದೇಶಿ ನಗರವೊಂದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬರುವ ರೂಢಿ ಈಚೆಗೆ ಬೆಳೆದಿದೆ. ಇವತ್ತಿನ ಮಾತು ಅಂಥ ಒಂದು ಪ್ರವಾಸದ ಬಗ್ಗೆ. ನಗರ ಸಿಂಗಪುರ. ಜೊತೆಗಿರುವವರು ಎರಡರಿಂದ ಏಳು ವರ್ಷದೊಳಗಿನ ಮಕ್ಕಳು.

ಇಂಥ ಪ್ರವಾಸದ ಮಾತೆತ್ತಿದ ಕೂಡಲೇ ಮನೆಯ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ. "ಮೂರು ವರ್ಷದ ಕೂಸಿಗೆ ಏನು ನೆನಪಿರುತ್ತದೆ? ಸುಮ್ಮನೆ ದುಡ್ಡು ದಂಡ. ದೊಡ್ಡವರಾದ ಮೇಲೆ ಕರೆದುಕೊಂಡು ಹೋಗಿ." ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮೂರು ವರ್ಷಕ್ಕೆ ಹಿಂದಿನದು ಏನೂ ನೆನಪಿರುವುದಿಲ್ಲ. ಆದ್ದರಿಂದ ನೆನಪಿಗಾಗಿಯೇ ಹೋಗುವುದಾದರೆ ಹಿರಿಯರು ಹೇಳುವುದೇ ಸರಿ. ಇದಕ್ಕೆ ಉತ್ತರವನ್ನು ಮಾತಿನ ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಹೋಗುವ ದಾರಿ ನೋಡೋಣ.

ಸಿಂಗಪುರವನ್ನು ಆರಿಸಿಕೊಳ್ಳಲು ಕಾರಣಗಳಿವೆ. ಚೆನ್ನೈಯಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ, ಮುಂಬಯಿಯಿಂದ ಐದೂವರೆ ಗಂಟೆಯ ದಾರಿ. ಇಡೀ ದೇಶದ ವಿಸ್ತೀರ್ಣ ಬೃಹನ್ಮುಂಬಯಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಲ್ಲಿಯ ನೀರನ್ನು ಕುದಿಸದೆ ಕುಡಿಯಬಹುದು. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡೇ ಓಡಾಡಬಹುದು. ಇಂಗ್ಲಿಷ್, ಮಲಯ, ಚೀನೀ, ತಮಿಳು ಈ ನಾಲ್ಕೂ ಅಲ್ಲಿನ ಅಧಿಕೃತ ಭಾಷೆಗಳು. ಚೆನ್ನೈಯ ನಮ್ಮ ಕೇಳುಗರಿಗೆ ಫಲಕಗಳಲ್ಲಿ ತಮಿಳು ಅಕ್ಷರ ಕಂಡರೆ ಅರ್ಧ ಊರು ಪರಿಚಯವಾದ ಹಾಗೆ.

ಇನ್ನು ಕಾಗದಪತ್ರಗಳ ವಿಷಯ. ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ನಮ್ಮ ದೇಶದಲ್ಲಿ ಮಕ್ಕಳ ಪಾಸ್‌ಪೋರ್ಟ್‌ನ ಅವಧಿ ಐದು ವರ್ಷ ಮಾತ್ರ. ದೊಡ್ಡವರದು ಹತ್ತು ವರ್ಷದ್ದು. ಹಾಗಾಗಿ ಅಪ್ಪ ಅಮ್ಮನದು ಸರಿಯಿದ್ದು ಮಗುವಿನದು ಮುಗಿದಿರುವ ಸಂದರ್ಭ ಬರುತ್ತದೆ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ ಎಂದು ಟಿಕೆಟ್ ತೆಗೆಸುವ ಮೊದಲೇ ನೋಡಿಕೊಳ್ಳಿ. ಭಾರತೀಯರಿಗೆ ವೀಸಾ ಬೇಕು. ಅಲ್ಲಿಗೆ ತಲುಪುವ ಮೂರು ದಿನದೊಳಗೆ ಆಗಮನ ಪತ್ರವನ್ನು ಅಂತರ್ಜಾಲದಲ್ಲಿ ತುಂಬಬೇಕು. ಇದು ಉಚಿತ, ಯಾರಿಗೂ ಹಣ ಕೊಡಬೇಕಾಗಿಲ್ಲ. ವಿಮಾನದಲ್ಲಿ ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಎರಡು ತುಂಬಿದರೆ ಅದಕ್ಕೂ ಸೀಟು ತೆಗೆಸಬೇಕು. ವಿಮಾನ ಇಳಿಯುವಾಗ ಪುಟ್ಟ ಮಕ್ಕಳಿಗೆ ಕಿವಿ ನೋಯುತ್ತದೆ. ಆ ಹೊತ್ತಿಗೆ ಹಾಲು ಕುಡಿಸಿ, ಇಲ್ಲವೇ ನೀರನ್ನು ಗುಟುಕು ಗುಟುಕಾಗಿ ಕೊಡಿ. ನುಂಗುತ್ತಾ ಇದ್ದರೆ ನೋವು ಕಡಿಮೆ.

ಔಷಧಿಯ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನಂಥವನ್ನು ಕೇಳದೆ ಒಯ್ಯಬಾರದು. ನಮ್ಮ ಅಡಿಗೆಮನೆಯಲ್ಲಿ ಏನೂ ಅಲ್ಲದ ಗಸಗಸೆಯನ್ನೂ ಮನೆಯಲ್ಲೇ ಬಿಡಿ, ಅಲ್ಲಿ ಅದು ಮಾದಕ ದ್ರವ್ಯದ ಕಾನೂನಿಗೆ ಸಿಕ್ಕಿಕೊಳ್ಳುತ್ತದೆ. ಚೂಯಿಂಗ್ ಗಮ್ ತರುವುದನ್ನು 1992ರಲ್ಲೇ ನಿಷೇಧಿಸಿದ್ದಾರೆ. ಮೆಟ್ರೋ ರೈಲಿನಲ್ಲಿ ಬಿಸ್ಕೀಟು ತಿಂದರೂ ದಂಡ. ಹಸಿದ ಮಗುವಿಗೆ ಕಾನೂನು ಗೊತ್ತಾಗುವುದಿಲ್ಲವಲ್ಲ, ಆದ್ದರಿಂದ ರೈಲು ಹತ್ತುವ ಮುಂಚೆಯೇ ತಿನ್ನಿಸಿಬಿಡಿ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಮುಖ್ಯವಾಗಿ ಗಮನಿಸಬೇಕಾದದ್ದು ಗಡಿಯಾರವನ್ನು. ಸಿಂಗಪುರದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮಲ್ಲಿ ಬೆಳಿಗ್ಗೆ ಏಳಕ್ಕೆ ಏಳುವ ಮಗು ಅಲ್ಲಿ ಒಂಬತ್ತೂವರೆಗೆ ಏಳುತ್ತದೆ. ಇಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಮಗುವಿಗೆ ಅಲ್ಲಿ ಹನ್ನೊಂದೂವರೆಯವರೆಗೂ ನಿದ್ದೆ ಹತ್ತುವುದಿಲ್ಲ. ನಾಲ್ಕು ದಿನಕ್ಕಾಗಿ ಮಗುವಿನ ನಿದ್ದೆಯನ್ನು ತಿದ್ದಲು ಹೋಗಬೇಡಿ, ನೀವೇ ಹೊಂದಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಹೊರಡುವ ಗುಂಪಿನ ಬಸ್ಸು ನಿಮಗೆ ಬೇಡ. ಸಂಜೆ ಮಾತ್ರ ಪೂರ್ತಿ ನಿಮ್ಮದು. ಸಮಭಾಜಕ ವೃತ್ತಕ್ಕೆ ಹತ್ತಿರದ ಊರಾದ್ದರಿಂದ ವರ್ಷವಿಡೀ ಸೂರ್ಯ ಮುಳುಗುವುದು ಏಳು ಗಂಟೆಯ ಆಸುಪಾಸಿನಲ್ಲಿ. ಬಿಸಿಲು ಇಳಿದ ಮೇಲೆ ಮಕ್ಕಳಿಗೆ ನೋಡಲು ಎಷ್ಟೋ ಇದೆ.

ಇನ್ನೊಂದು ತೊಡಕು ಮೊದಲ ದಿನದ್ದು. ಇಲ್ಲಿಂದ ಹೋಗುವ ಹಲವು ವಿಮಾನಗಳು ರಾತ್ರಿ ಹೊರಟು ಬೆಳಿಗ್ಗೆ ತಲುಪುತ್ತವೆ. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಎರಡು ಇಲ್ಲವೇ ಮೂರು ಗಂಟೆಗೆ. ನಿದ್ದೆಗೆಟ್ಟ ಎರಡು ಮಕ್ಕಳು, ನಾಲ್ಕು ಪೆಟ್ಟಿಗೆ, ಆರು ಗಂಟೆಯ ಕಾಯುವಿಕೆ! ಎಷ್ಟೋ ಪ್ರವಾಸಗಳು ಕೆಡುವುದು ಇಲ್ಲೇ. ಹಗಲಿನ ವಿಮಾನ ಸಿಕ್ಕರೆ ನೂರು ಇನ್ನೂರು ಹೆಚ್ಚಾದರೂ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಹೋಟೆಲಿಗೆ ಮೊದಲೇ ಬರೆದು ಬೇಗ ಕೋಣೆ ಕೊಡುವಂತೆ ಕೇಳಿಕೊಳ್ಳಿ.

ನೋಡುವ ಜಾಗಗಳ ಬಗ್ಗೆ ನನ್ನದು ಒಂದೇ ಸೂತ್ರ. ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ನಿದ್ದೆ. ಅಲ್ಲಿ ಮಧ್ಯಾಹ್ನದ ಸೆಕೆ ಮುಂಬಯಿಯ ಮೇ ತಿಂಗಳನ್ನು ನೆನಪಿಸುತ್ತದೆ. ಗುಡುಗು ಸಹಿತ ಮಳೆ ಬರುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ.

ಬೊಟಾನಿಕ್ ಗಾರ್ಡನ್ಸ್ ಎಂಬ ಸಸ್ಯೋದ್ಯಾನ 1859ರಲ್ಲಿ ಶುರುವಾದದ್ದು. 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವೇಶ ಉಚಿತ. ಅದರೊಳಗೆ ಜೇಕಬ್ ಬಲ್ಲಾಸ್ ಹೆಸರಿನ ಮಕ್ಕಳ ತೋಟವೊಂದಿದೆ, ಅದೂ ಉಚಿತವೇ. ಅಲ್ಲಿನ ನಿಯಮ ಕೇಳಿದರೆ ನಿಮಗೆ ನಗು ಬಂದೀತು. ಜೊತೆಯಲ್ಲಿ ಮಗು ಇಲ್ಲದಿದ್ದರೆ ದೊಡ್ಡವರಿಗೆ ಪ್ರವೇಶವಿಲ್ಲ. ಮಕ್ಕಳಿಗೆ ಇದನ್ನು ಹೇಳಿ ನೋಡಿ. "ನಾನು ಕರೆದುಕೊಂಡು ಬಂದದ್ದಕ್ಕೆ ಅಪ್ಪನನ್ನು ಒಳಗೆ ಬಿಟ್ಟರು" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತವೆ.

ಮಂಡಾಯ್ ಎಂಬಲ್ಲಿರುವ ಮೃಗಾಲಯ 1973ರಲ್ಲಿ ತೆರೆದದ್ದು. ಸರಳುಗಳ ಪಂಜರದ ಬದಲು ನೀರಿನ ಕಂದಕ, ಗಿಡಗಳ ಮರೆ ಮಾಡಿ ಪ್ರಾಣಿಗಳನ್ನು ಇಟ್ಟಿದ್ದಾರೆ. ಪಕ್ಕದಲ್ಲೇ 1994ರಲ್ಲಿ ಶುರುವಾದ ನೈಟ್ ಸಫಾರಿ. ರಾತ್ರಿ ಎಚ್ಚರವಾಗಿರುವ ಪ್ರಾಣಿಗಳನ್ನು ಟ್ರಾಮಿನಲ್ಲಿ ಕುಳಿತು ಮಂದ ಬೆಳಕಿನಲ್ಲಿ ನೋಡಬಹುದು. ಆಗಲೇ ಹೇಳಿದ ಎರಡೂವರೆ ಗಂಟೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಎಂಟೂವರೆ ನಮ್ಮ ಮಕ್ಕಳ ಪಾಲಿಗೆ ಸಂಜೆ ಆರು ಗಂಟೆ. ಆದರೆ ಮೃಗಾಲಯ, ನೈಟ್ ಸಫಾರಿ ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ. ಹತ್ತಿರದಲ್ಲಿವೆ ಎಂಬುದು ನಕಾಶೆಯ ಲೆಕ್ಕ, ಮಗುವಿನ ಕಾಲುಗಳ ಲೆಕ್ಕ ಬೇರೆ. ಹಳೆಯ ಕೈಪಿಡಿಗಳಲ್ಲಿ ಕಾಣುವ ಜುರೋಂಗ್ ಪಕ್ಷಿಧಾಮವನ್ನು 2023ರ ಜನವರಿಯಲ್ಲಿ ಮುಚ್ಚಿದರು. ಹಕ್ಕಿಗಳೂ ಈಗ ಮಂಡಾಯ್‌ನಲ್ಲೇ ಇವೆ.

2012ರಲ್ಲಿ ತೆರೆದ ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ 25ರಿಂದ 50 ಮೀಟರ್ ಎತ್ತರದ ಕಬ್ಬಿಣದ ಮರಗಳಿವೆ. ರಾತ್ರಿ ಅವುಗಳ ಕೆಳಗೆ ಅಂಗಾತ ಮಲಗಿ ದೀಪಗಳ ಆಟ ನೋಡುವುದಕ್ಕೆ ಕಾಸಿಲ್ಲ. ಮರೀನಾ ಬ್ಯಾರೇಜ್ ಎಂಬ ಅಣೆಕಟ್ಟಿನ ಹುಲ್ಲು ಹಾಸಿದ ಚಾವಣಿಯ ಮೇಲೆ ಊರಿನವರು ಸಂಜೆ ಗಾಳಿಪಟ ಹಾರಿಸುತ್ತಾರೆ. ಇಲ್ಲಿಂದಲೇ ಒಂದು ಗಾಳಿಪಟ ಒಯ್ಯಿರಿ. ಹೀಗೆ ದುಬಾರಿ ಎನಿಸಿದ ಈ ಊರಿನಲ್ಲಿ ಮಕ್ಕಳಿಗೆ ಹಿಡಿಸುವ ಅರ್ಧದಷ್ಟು ಸಂಗತಿಗಳು ಬಿಟ್ಟಿಯಾಗಿಯೇ ಸಿಗುತ್ತವೆ.

ಓಡಾಟಕ್ಕೆ ಮೆಟ್ರೋ, ಬಸ್ಸು ಸಾಕು. ದೊಡ್ಡವರ ಜೊತೆ ಬರುವ, 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಇಲ್ಲ. ಕಾರು ಬೇಕಾದಾಗ ಒಂದು ನಿಯಮ ತಿಳಿದಿರಲಿ. 1.35 ಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ಟ್ಯಾಕ್ಸಿಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ, ಫೋನಿನಲ್ಲಿ ಕರೆಸುವ ಖಾಸಗಿ ಕಾರುಗಳಿಗೆ ಇಲ್ಲ. ಮಕ್ಕಳ ಸೀಟು ಇರುವ ಕಾರನ್ನೇ ಕೇಳಿ ಕರೆಸಿಕೊಳ್ಳಬೇಕು.

ಊಟದ ಚಿಂತೆ ಬೇಡ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಅನ್ನ, ಮೊಸರು ಎಲ್ಲವೂ ಸಿಗುತ್ತವೆ. ಅಲ್ಲಿನ ಕೋಮಲ ವಿಲಾಸ್ 1947ರಿಂದ ನಡೆದು ಬಂದ ಸಸ್ಯಾಹಾರಿ ಹೋಟೆಲು. ಆದರೂ ಒಂದು ಡಬ್ಬಿ ಅವಲಕ್ಕಿ, ಸ್ವಲ್ಪ ಚಟ್ನಿಪುಡಿ, ಹುರಿಹಿಟ್ಟು ಜೊತೆಗಿದ್ದರೆ ರಾತ್ರಿ ಹನ್ನೊಂದಕ್ಕೆ "ಹಸಿವೆ" ಎಂದು ಏಳುವ ಮಗುವಿಗೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಹಾಕರ್ ಸೆಂಟರ್ ಎಂಬ ಸಾರ್ವಜನಿಕ ಊಟದ ಕಟ್ಟೆಗಳಲ್ಲಿ ಉಂಡ ತಟ್ಟೆಯನ್ನು ನಾವೇ ಎತ್ತಿಡಬೇಕು, 2021ರಿಂದ ಅದು ಕಡ್ಡಾಯ. ಮಕ್ಕಳು ಇದನ್ನು ಬಹಳ ಉತ್ಸಾಹದಿಂದ ಮಾಡುತ್ತಾರೆ. ಮನೆಗೆ ಬಂದ ಮೇಲೂ ಮಾಡಿದರೆ ಪ್ರವಾಸದ ಖರ್ಚು ಸ್ವಲ್ಪ ಗಿಟ್ಟಿದ ಹಾಗೆ!

ಸುರಕ್ಷಿತ ಊರು ಎಂದು ಮೈಮರೆಯಬಾರದು. ಹೋಟೆಲಿನ ಹೆಸರು, ನಿಮ್ಮ ಫೋನ್ ನಂಬರು ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲಬೇಕು, ಸಮವಸ್ತ್ರದವರನ್ನು ಕೇಳಬೇಕು ಎಂದು ಮನೆಯಲ್ಲೇ ಎರಡು ಸಲ ಆಟವಾಡಿಸಿ ಕಲಿಸಿ. ಪೊಲೀಸರಿಗೆ 999, ಆಂಬುಲೆನ್ಸಿಗೆ 995.

ಈಗ ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ಪರಿಚಯದ ಕುಟುಂಬವೊಂದು ಸಿಂಗಪುರಕ್ಕೆ ಹೋಗಿ ಬಂತು. ಐದು ವರ್ಷದ ಹುಡುಗಿಯನ್ನು ಏನು ನೋಡಿದೆ ಎಂದು ಕೇಳಿದೆ. ದುಡ್ಡು ಕೊಟ್ಟು ನೋಡಿದ ಒಂದೂ ಅವಳ ಬಾಯಿಗೆ ಬರಲಿಲ್ಲ. ಅವಳು ಹೇಳಿದ್ದು ನದಿಯ ದಂಡೆಯಲ್ಲಿ ಕಂಡ ನೀರುನಾಯಿಗಳನ್ನು. ಅಪ್ಪ, ಅಮ್ಮ, ಮರಿಗಳು ಸೇರಿ ಮೀನು ತಿನ್ನುತ್ತಿದ್ದವಂತೆ. ಅವು ಮೃಗಾಲಯದವಲ್ಲ. ಸಿಂಗಪುರದ ನದಿ ಒಂದು ಕಾಲದಲ್ಲಿ ಕೊಳಚೆಯಾಗಿತ್ತು. 1977ರಿಂದ ಹತ್ತು ವರ್ಷ ಹಿಡಿದು ಅದನ್ನು ಶುಚಿ ಮಾಡಿದರು. ನೀರು ತಿಳಿಯಾಗಿ ಮೀನು ಬಂದವು, ವರ್ಷಗಳ ನಂತರ ನೀರುನಾಯಿಗಳೂ ಬಂದವು. "ನಮ್ಮ ಮೀಠಿ ನದಿಗೆ ಯಾಕೆ ಬರುವುದಿಲ್ಲ?" ಎಂದು ಹುಡುಗಿ ಅಪ್ಪನನ್ನು ಕೇಳಿದಳಂತೆ. ಅಪ್ಪನ ಹತ್ತಿರ ಚುಟುಕಾದ ಉತ್ತರವಿರಲಿಲ್ಲ. ಕುಳಿತು ಮಾತಾಡಿದರು. ಇಬ್ಬರೂ ಹಾಗೆ ಅರ್ಧ ಗಂಟೆ ಕುಳಿತು ಮಾತಾಡಿ ಎಷ್ಟು ದಿನವಾಗಿತ್ತೋ ಎಂದು ತಾಯಿ ನನ್ನ ಹತ್ತಿರ ಹೇಳಿದರು. ಮಗು ಏಳುವ ಮೊದಲೇ ಲೋಕಲ್ ಹಿಡಿದು, ಅದು ಮಲಗಿದ ಮೇಲೆ ಮನೆ ಸೇರುವ ಅಪ್ಪ ಅವರು. ಅಂಥವರು ನಮ್ಮ ಮಧ್ಯೆ ಎಷ್ಟು ಮಂದಿ ಇಲ್ಲ?

ಮಗುವಿಗೆ ನೆನಪಿರುತ್ತದೋ ಇಲ್ಲವೋ, ಆ ನಾಲ್ಕು ದಿನ ಅಪ್ಪ ಅಮ್ಮ ಪೂರ್ತಿಯಾಗಿ ಅದರ ಕೈಗೆ ಸಿಕ್ಕಿರುತ್ತಾರೆ. ಪ್ರವಾಸದ ಸಾರ್ಥಕತೆ ಇರುವುದು ಅಲ್ಲೇ. ಅಲ್ಲಿಯೂ ಅಪ್ಪ ಆಫೀಸಿನ ಫೋನಿನಲ್ಲೇ ಮುಳುಗಿದ್ದರೆ, ಅಮ್ಮ ಪಟ್ಟಿ ಹಿಡಿದು ಮಕ್ಕಳನ್ನು ಎಳೆದಾಡುತ್ತಿದ್ದರೆ, ಹಿರಿಯರು ಹೇಳಿದಂತೆ ಅದು ದುಡ್ಡು ದಂಡವೇ ಸರಿ.

ಇನ್ನೊಂದು ಮಾತು. ಸಾಲ ಮಾಡಿ ಹೋಗುವ ಅಗತ್ಯ ಯಾರಿಗೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ದಡ್ಡರಲ್ಲ. ಆ ಹುಡುಗಿ ಕಂಡಂಥ ನೀರುನಾಯಿಗಳು ನಮ್ಮ ಕಾವೇರಿಯಲ್ಲೂ ತುಂಗಭದ್ರೆಯಲ್ಲೂ ಇವೆ. ಹಂಪಿಯ ಆಸುಪಾಸಿನ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ಕರ್ನಾಟಕ ಸರಕಾರ ನೀರುನಾಯಿಗಳ ಸಂರಕ್ಷಣೆಗೆಂದೇ ಮೀಸಲಿಟ್ಟಿದೆ. ಹೊರದೇಶಕ್ಕೆ ಹೋಗಿ ಬಂದ ಮಕ್ಕಳಿಗೆ ಮುಂದಿನ ರಜೆಯಲ್ಲಿ ಇದನ್ನು ತೋರಿಸಿ. ಹೋಗಲಾಗದವರು ಇದನ್ನೇ ಮೊದಲು ತೋರಿಸಿ. ಟಿಕೆಟ್ ಎಲ್ಲಿಯದೇ ಇರಲಿ, ಅಪ್ಪ ಅಮ್ಮನ ಸಮಯ ಮಾತ್ರ ಪೂರ್ತಿ ಮಕ್ಕಳಿಗೆ ಸಿಗಲಿ.