ಪಾಡ್‌ಕಾಸ್ಟ್: ರೀಸ್ಟಾರ್ಟ್ ಮಾಡದೆ ಐಪಿ ವಿಳಾಸ ಬದಲಿಸಬಹುದಾ?

ನೆಟ್‌ವರ್ಕ್ ಕೆಲಸ ಮಾಡೋ ನಮ್ಮಂಥವರನ್ನ ಜನ ಪದೇ ಪದೇ ಕೇಳೋ ಒಂದು ಪ್ರಶ್ನೆ ಇದೆ. ಕಂಪ್ಯೂಟರ್‌ನ ಐಪಿ ವಿಳಾಸ ಬದಲಿಸಿದ್ರೆ ಅದನ್ನ ರೀಸ್ಟಾರ್ಟ್ ಮಾಡಲೇಬೇಕಾ ಅಂತ. ಬೇಡ. ಆದರೆ ಯಾವುದನ್ನ ಮೊದಲು ಮಾಡ್ಬೇಕು, ಯಾವುದನ್ನ ಆಮೇಲೆ ಅನ್ನೋದು ಗೊತ್ತಿರ್ಬೇಕು. ಇವತ್ತು ಅದನ್ನ ಹೇಳ್ತೀನಿ.

ಜನ ಹೀಗೆ ಕೇಳೋದಕ್ಕೆ ಕಾರಣ ಇದೆ. ವಿಂಡೋಸ್ 95, 98ರ ಕಾಲದಲ್ಲಿ ವಿಳಾಸ ಬದಲಿಸಿ ಓಕೆ ಒತ್ತಿದ್ರೆ, ರೀಸ್ಟಾರ್ಟ್ ಮಾಡಿ ಅಂತ ಕಂಪ್ಯೂಟರೇ ಹೇಳ್ತಿತ್ತು. ವಿಂಡೋಸ್ 2000 ಬಂದ ಮೇಲೆ ಆ ಕಾಟ ತಪ್ಪಿತು. ಈಗ ನಿಮ್ಮ ಮೊಬೈಲನ್ನೇ ನೋಡಿ. ಮನೆಯ ವೈಫೈ ಬಿಟ್ಟು ಬೀದಿಗೆ ಬಂದರೆ ಅದರ ವಿಳಾಸ ಬದಲಾಗತ್ತೆ. ಅದಕ್ಕೆ ಯಾರೂ ಫೋನ್ ಆಫ್ ಮಾಡಿ ಆನ್ ಮಾಡಲ್ಲ, ಅಲ್ವಾ?

ಮನೆಯ ವಿಂಡೋಸ್ ಕಂಪ್ಯೂಟರ್‌ಗೆ ರೂಟರೇ ವಿಳಾಸ ಕೊಡ್ತಿದ್ರೆ ಎರಡು ಕಮಾಂಡ್ ಸಾಕು. ಐಪಿಕಾನ್ಫಿಗ್ ರಿಲೀಸ್ ಕೊಟ್ಟರೆ ಹಳೇ ವಿಳಾಸ ಬಿಟ್ಟುಕೊಡತ್ತೆ, ಐಪಿಕಾನ್ಫಿಗ್ ರಿನ್ಯೂ ಕೊಟ್ಟರೆ ಮತ್ತೆ ಕೇಳಿ ಪಡೆಯತ್ತೆ. ರೂಟರ್ ಹಳೇ ವಿಳಾಸವನ್ನೇ ವಾಪಸ್ ಕೊಡಬಹುದು. ಅದು ನಿಮ್ಮ ಯಂತ್ರದ ಗುರುತು ಇಟ್ಕೊಂಡಿರತ್ತೆ.

ಕಷ್ಟ ಇರೋದು ದೂರದ ಯಂತ್ರದಲ್ಲಿ. ನೀವು ಬೆಂಗಳೂರಲ್ಲಿ ಕೂತಿದ್ದೀರಿ, ಲಿನಕ್ಸ್ ಸರ್ವರ್ ಕಲಬುರಗಿ ಶಾಖೆಯಲ್ಲಿದೆ, ವಿಪಿಎನ್ ಮೂಲಕ ಅದಕ್ಕೆ ಲಾಗಿನ್ ಆಗಿದ್ದೀರಿ ಅಂತ ಇಟ್ಕೊಳ್ಳಿ. ಒಂದು ಟಿಸಿಪಿ ಸಂಪರ್ಕವನ್ನ ಗುರುತಿಸೋದು ನಾಲ್ಕು ಸಂಗತಿಗಳಿಂದ: ಎರಡೂ ಕಡೆಯ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ. ಇದರಲ್ಲಿ ಒಂದು ಬದಲಾದರೂ ಆ ಸಂಪರ್ಕ ಮುಂದುವರಿಯಲ್ಲ. ಹಾಗಾಗಿ ಮೊದಲು ಹಳೇ ವಿಳಾಸ ತೆಗೆದರೆ, ಕೂತ ಕೊಂಬೆಯನ್ನೇ ಕಡಿದ ಹಾಗೆ. ನೀವೂ ಹೊರಗೆ, ಅಲ್ಲಿ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತೋರೂ ಹೊರಗೆ. ಸರಿಮಾಡೋಕೆ ರಾತ್ರಿ ರೈಲು ಹತ್ತಬೇಕು.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಮೇಲೆ ತಾನೆ ನಾವು ಹಳೇ ಮನೆ ಕೀ ಕೊಡೋದು? ಇಲ್ಲೂ ಹಾಗೇ. ಒಂದು ನೆಟ್‌ವರ್ಕ್ ಕಾರ್ಡಿಗೆ ಒಂದಕ್ಕಿಂತ ಹೆಚ್ಚು ವಿಳಾಸ ಇರಬಹುದು. ಈಗ 192.168.1.10 ಇದೆ, 192.168.1.50 ಬೇಕು ಅನ್ನಿ. ಮೊದಲು 50 ಬೇರೆ ಯಾರ ಹತ್ರನೂ ಇಲ್ಲ ಅಂತ ಖಚಿತಪಡಿಸಿಕೊಳ್ಳಿ. ಆಮೇಲೆ ಐಪಿ ಅಡ್ರೆಸ್ ಆ್ಯಡ್ ಕಮಾಂಡ್‌ನಿಂದ ಅದನ್ನ ಸೇರಿಸಿ. ಹಳೇ ಕಿಟಕಿ ಮುಚ್ಚದೆ, ಇನ್ನೊಂದು ಕಿಟಕಿ ತೆರೆದು ಹೊಸ ವಿಳಾಸದಿಂದ ಲಾಗಿನ್ ಆಗಿ ನೋಡಿ. ಡಿಎನ್‌ಎಸ್, ಪ್ರಿಂಟರ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲಾ ಹೊಸದಕ್ಕೆ ಬಂದ ಮೇಲೆ ಹಳೇದನ್ನ ತೆಗೀರಿ.

ಅಲ್ಲೂ ಒಂದು ಗುಂಡಿ ಇದೆ. ಎರಡೂ ವಿಳಾಸ ಒಂದೇ ಸಬ್‌ನೆಟ್‌ನಲ್ಲಿದ್ದರೆ, ಲಿನಕ್ಸ್ ಎರಡನೇದನ್ನ ಸೆಕೆಂಡರಿ ಅಂತ ಇಟ್ಕೊಳ್ಳತ್ತೆ. ಪ್ರೊಮೋಟ್ ಸೆಕೆಂಡರೀಸ್ ಅನ್ನೋ ಸೆಟ್ಟಿಂಗ್ ಆನ್ ಇಲ್ಲದಿದ್ರೆ, ಮೊದಲನೇದನ್ನ ತೆಗೆದಾಗ ಎರಡನೇದೂ ಹೋಗತ್ತೆ. ತೆಗೆಯೋ ಮುಂಚೆ ಅದು 1 ಇದೆಯಾ ನೋಡ್ಕೊಳ್ಳಿ.

ಇಷ್ಟಕ್ಕೇ ಕೆಲಸ ಮುಗೀಲಿಲ್ಲ. ಐಪಿ ಕಮಾಂಡ್‌ನಿಂದ ಮಾಡಿದ ಬದಲಾವಣೆ ಮೆಮೊರಿಯಲ್ಲಿ ಮಾತ್ರ ಇರತ್ತೆ. ತಿಂಗಳುಗಟ್ಟಲೆ ಎಲ್ಲಾ ಚೆನ್ನಾಗೇ ನಡೆಯತ್ತೆ. ಒಂದು ರಾತ್ರಿ ಕರೆಂಟ್ ಹೋಗತ್ತೆ, ಯುಪಿಎಸ್ ಕೈಕೊಡತ್ತೆ, ಸರ್ವರ್ ಹಳೇ ವಿಳಾಸದ ಜೊತೆ ಎದ್ದು ಕೂರತ್ತೆ. ಬೆಳಿಗ್ಗೆ ಯಾರಿಗೂ ಕಾರಣ ಹೊಳೆಯಲ್ಲ. ಅದಕ್ಕೇ ಅದನ್ನ ಕಾನ್ಫಿಗರೇಶನ್ ಫೈಲ್‌ನಲ್ಲೂ ಬರೀಬೇಕು. ಉಬುಂಟು ಸರ್ವರ್ ಆದ್ರೆ ಬರೆದಾದ ಮೇಲೆ ನೆಟ್‌ಪ್ಲಾನ್ ಟ್ರೈ ಕೊಡಿ. 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ರೆ ಅದು ತಾನೇ ಹಳೇ ಸೆಟ್ಟಿಂಗ್‌ಗೆ ವಾಪಸ್ ಹೋಗತ್ತೆ.

ಆಮೇಲೆ ನಾನು ಎಲ್ಲರಿಗೂ ಹೇಳೋದು ಇಷ್ಟು. ವಿಳಾಸ ಬದಲಿಸೋಕೆ ರೀಬೂಟ್ ಬೇಡ, ನಿಜ. ಆದರೂ ಶಾಖೆಯಲ್ಲಿ ಒಬ್ಬರು ಇರೋ ಹೊತ್ತು ನೋಡಿ, ಎಲ್ಲರಿಗೂ ತಿಳಿಸಿ, ಒಂದ್ಸಲ ನೀವೇ ರೀಬೂಟ್ ಮಾಡಿ ಪರೀಕ್ಷಿಸಿ. ಕರೆಂಟ್ ಹೋಗೋವರೆಗೆ ಕಾಯಬೇಡಿ. ಮುಂದಿನ ವಾರ ಮತ್ತೆ ಸಿಗೋಣ.