ಜ್ಞಾನೇಂದ್ರಿಯಗಳು: ಮಾರತ್ತಹಳ್ಳಿ ಮಲೆನಾಡಿಗೆ ಹೇಳುವ ಪಾಠ



ಬೆಂಗಳೂರಿನ ಪೂರ್ವಕ್ಕಿರುವ ಮಾರತ್ತಹಳ್ಳಿಯ ಹೆಸರು ಇಂದು ಮಲೆನಾಡಿನ ಮನೆಗಳಿಗೆ ಅಪರಿಚಿತವಲ್ಲ. ಮಗನೋ ಮಗಳೋ ಅಲ್ಲಿ ನೌಕರಿಯಲ್ಲಿರುವ ಕುಟುಂಬಗಳು ಈ ಸಭೆಯಲ್ಲಿಯೂ ಇರಬಹುದು. ಹಬ್ಬಕ್ಕೆ ಊರಿಗೆ ಬಂದ ಮಗನನ್ನು "ಆ ಗದ್ದಲದಲ್ಲಿ, ಆ ವಾಸನೆಯಲ್ಲಿ ಹೇಗೆ ಇರ್ತೀಯೋ?" ಎಂದು ತಾಯಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಅಭ್ಯಾಸ ಆಗಿಬಿಟ್ಟಿದೆ ಅಮ್ಮ." ಇಂದಿನ ಉಪನ್ಯಾಸದ ವಿಷಯ ಮನುಷ್ಯನ ವಿಶೇಷ ಜ್ಞಾನೇಂದ್ರಿಯಗಳ ರಚನೆ ಮತ್ತು ಕಾರ್ಯ. ಆದರೆ ಅದರ ತಿರುಳು ಈ ಒಂದು ಮಾತಿನಲ್ಲಿಯೇ ಅಡಗಿದೆ. ಅಭ್ಯಾಸವಾಯಿತು ಎಂದಾಗ ದೇಹದೊಳಗೆ ನಿಜವಾಗಿ ಏನು ನಡೆದಿರುತ್ತದೆ? ಒಂದೊಂದು ಇಂದ್ರಿಯದಲ್ಲಿ ಅದರ ಅರ್ಥ ಒಂದೊಂದು ಬಗೆಯದು. ಒಂದರಲ್ಲಿ ಅದು ಆರೋಗ್ಯದ ಲಕ್ಷಣ, ಇನ್ನೊಂದರಲ್ಲಿ ಮೋಸ, ಮತ್ತೊಂದರಲ್ಲಿ ಮರಳಿ ಬಾರದ ನಷ್ಟ.

ಪಂಚೇಂದ್ರಿಯಗಳೆಂದು ಹಿರಿಯರು ಎಣಿಸಿದ್ದು ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ವೈದ್ಯಶಾಸ್ತ್ರದ ಎಣಿಕೆ ತುಸು ಬೇರೆ. ಸ್ಪರ್ಶವನ್ನು ಗ್ರಹಿಸುವ ನರತುದಿಗಳು ಮೈಯೆಲ್ಲ ಹರಡಿರುವುದರಿಂದ ಅದನ್ನು ಸಾಮಾನ್ಯ ಸಂವೇದನೆ ಎನ್ನುತ್ತಾರೆ. ತಲೆಯಲ್ಲಿ ತಮ್ಮದೇ ಆದ ಅಂಗವನ್ನು ಪಡೆದಿರುವ ದೃಷ್ಟಿ, ಶ್ರವಣ, ಸಮತೋಲ, ಘ್ರಾಣ, ರುಚಿ ಇವು ವಿಶೇಷ ಸಂವೇದನೆಗಳು. ಇವೆಲ್ಲದರ ಕೆಲಸದ ಕ್ರಮ ಒಂದೇ. ಹೊರಗಿನ ಬೆಳಕು, ಸದ್ದು, ಚಲನೆ ಅಥವಾ ರಾಸಾಯನಿಕವನ್ನು ಗ್ರಾಹಕ ಕೋಶವೊಂದು ಹಿಡಿಯುತ್ತದೆ; ಅದನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ; ನರವು ಆ ಸಂಕೇತವನ್ನು ಮಿದುಳಿಗೆ ಒಯ್ಯುತ್ತದೆ. ಪರಿಸರವು ದೇಹದೊಳಗೆ ಪ್ರವೇಶಿಸುವ ಬಾಗಿಲುಗಳಿವು. ಬಾಗಿಲ ಹೊರಗೆ ಏನಿದೆಯೋ ಅದೇ ಒಳಗೆ ಬರುತ್ತದೆ.

ಮೊದಲು ಮೂಗು. ಮೂಗಿನ ಗೂಡಿನ ಮೇಲ್ಛಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರಿನ ಒಂದು ಪೊರೆಯಿದೆ. ಲಕ್ಷಾಂತರ ನರಕೋಶಗಳು ಅಲ್ಲಿ ಉಸಿರಿನ ಗಾಳಿಗೆ ನೇರವಾಗಿ ತೆರೆದುಕೊಂಡಿವೆ. ಆ ಕೋಶಗಳ ಎಳೆಗಳು ಜರಡಿಯಂತೆ ತೂತುಗಳಿರುವ ತೆಳುವಾದ ಮೂಳೆಯನ್ನು ದಾಟಿ ಮಿದುಳನ್ನು ಸೇರುತ್ತವೆ. ಸುಮಾರು 400 ಬಗೆಯ ಗ್ರಾಹಕಗಳು ಬೇರೆ ಬೇರೆ ಜೋಡಣೆಗಳಲ್ಲಿ ಕೆಲಸ ಮಾಡಿ ಅಸಂಖ್ಯ ವಾಸನೆಗಳನ್ನು ಬೇರ್ಪಡಿಸುತ್ತವೆ. ಈ ಗ್ರಾಹಕಗಳ ವ್ಯವಸ್ಥೆಯನ್ನು ಬಿಡಿಸಿ ತೋರಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ನರಕೋಶಗಳು ಹಳತಾದಂತೆ ಸತ್ತು ಹೊಸದಾಗಿ ಹುಟ್ಟುತ್ತಿರುತ್ತವೆ. 2020ರ ಕೊರೊನಾ ಕಾಲದಲ್ಲಿ ವಾಸನೆ ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಅದು ಮರಳಿ ಬಂದುದಕ್ಕೆ, ಮುಖ್ಯವಾಗಿ ನರಕೋಶಗಳಿಗಿಂತ ಅವುಗಳ ಆಸರೆಯ ಕೋಶಗಳು ರೋಗಕ್ಕೆ ತುತ್ತಾದದ್ದೂ, ಪೊರೆಯ ಈ ಪುನರುಜ್ಜೀವನ ಶಕ್ತಿಯೂ ಕಾರಣ.

ಮಾರತ್ತಹಳ್ಳಿಯ ಸಮೀಪದಲ್ಲಿಯೇ ಬೆಂಗಳೂರಿನ ಅತಿ ದೊಡ್ಡ ಕೆರೆಯಾದ ಬೆಳ್ಳಂದೂರು ಕೆರೆಯಿದೆ. ಅದರ ನೀರು ಯಮಲೂರು ಕೋಡಿಯಲ್ಲಿ ಇಳಿದು ವರ್ತೂರು ಕೆರೆಯನ್ನು ಸೇರಿ, ಮುಂದೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ನಗರದ ಸಂಸ್ಕರಿಸದ ಚರಂಡಿ ನೀರು, ಅದರೊಂದಿಗೆ ಬಟ್ಟೆ ಪಾತ್ರೆ ತೊಳೆಯುವ ಮಾರ್ಜಕಗಳು ವರ್ಷಗಟ್ಟಲೆ ಆ ಕೆರೆಗೆ ಇಳಿದವು. ಕೋಡಿಯಲ್ಲಿ ನೀರು ಧುಮುಕುವಾಗ ಮಾರ್ಜಕ ಕಲಕಿ ನೊರೆಯ ಗುಡ್ಡಗಳೆದ್ದು ರಸ್ತೆಗೆ ಹಾರಿದವು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆಯಿಂದ ಮತ್ತೆ ಹೊಗೆಯೆದ್ದಿತು. 2018ರ ಜನವರಿಯಲ್ಲಿ ಹತ್ತಿದ ಬೆಂಕಿಯನ್ನು ನಂದಿಸಲು ಸೈನಿಕರು ಇಳಿಯಬೇಕಾಯಿತು. ನೀರು ಉರಿಯುವುದನ್ನು ಜಗತ್ತು ಬೆರಗಿನಿಂದ ನೋಡಿತು. ಆದರೆ ಬೆಂಕಿ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಕೆರೆಯ ಸ್ಥಿತಿಯನ್ನು ಮೂಗು ಹೇಳಿತ್ತು.

ಮೂಗಿನ ದೂರು ಏಕೆ ಉಳಿಯಲಿಲ್ಲ? ಒಂದೇ ವಾಸನೆ ಎಡೆಬಿಡದೆ ಬಂದರೆ ಘ್ರಾಣಕೋಶಗಳು ಕೆಲವೇ ನಿಮಿಷಗಳಲ್ಲಿ ಸಂಕೇತ ಕಳುಹಿಸುವುದನ್ನು ತಗ್ಗಿಸುತ್ತವೆ. ಮಿದುಳೂ ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಬಿಡುತ್ತದೆ. ಹೊಸ ವಾಸನೆಗೆ ಜಾಗ ಮಾಡಿಕೊಡಲು ಪ್ರಕೃತಿ ಮಾಡಿದ ಏರ್ಪಾಡು ಅದು. ವಾಸನೆ ಗಾಳಿಯಲ್ಲಿ ಹಾಗೆಯೇ ಇರುತ್ತದೆ. ಸಾಕ್ಷಿ ಮಾತ್ರ ಮೌನವಾಗುತ್ತದೆ. ಇದರ ಅತ್ಯಂತ ಘೋರ ಉದಾಹರಣೆ ಹೈಡ್ರೋಜನ್ ಸಲ್ಫೈಡ್. ಆಮ್ಲಜನಕವಿಲ್ಲದ ಕಡೆ ಹೊಲಸು ಕೊಳೆತಾಗ ಹುಟ್ಟುವ, ಕೊಳೆತ ಮೊಟ್ಟೆಯ ನಾತದ ಅನಿಲವದು. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗು ಅದನ್ನು ಹಿಡಿಯಬಲ್ಲದು. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ನೂರು ಪಾಲಿನಷ್ಟಾದಾಗ ಘ್ರಾಣಶಕ್ತಿಯೇ ಸ್ತಬ್ಧಗೊಳ್ಳುತ್ತದೆ. ನಾತ ನಿಂತಿತೆಂದು ಮನುಷ್ಯ ಮುಂದೆ ಹೆಜ್ಜೆಯಿಡುತ್ತಾನೆ; ಅಪಾಯ ಆಗಲೇ ಹೆಚ್ಚಿರುತ್ತದೆ. ನಗರದ ಮ್ಯಾನ್‌ಹೋಲಿಗೆ ಇಳಿದವರು ಮೇಲೆ ಬಾರದಿರುವುದರ ಹಿಂದೆ ಈ ಅನಿಲವೂ ಇದೆ. ಮಲೆನಾಡಿನ ಗೋಬರ್ ಗ್ಯಾಸ್ ಗುಂಡಿಯೊಳಗೂ ಇದೇ ಅನಿಲ ಇರುತ್ತದೆ. ವಾಸನೆಯಿಲ್ಲವೆಂಬ ಧೈರ್ಯದಿಂದ ಯಾರೂ ಆ ಗುಂಡಿಗೆ ಇಳಿಯಬಾರದು. ಬಿದ್ದವನನ್ನು ಎತ್ತಲು ಹಿಂದೆಯೇ ಇಳಿಯುವುದೂ ಸಲ್ಲದು. ಮೂಗಿನಲ್ಲಿ ಅಭ್ಯಾಸವೆಂದರೆ ಮೋಸ.

ಇನ್ನು ಕಿವಿ. ಹೊರಗೆ ಕಾಣುವ ಕಿವಿ ಸದ್ದನ್ನು ಒಟ್ಟುಮಾಡುವ ಆಲಿಕೆ ಮಾತ್ರ. ಆ ಸದ್ದು ಕಿವಿತಮಟೆಯನ್ನು ಅದುರಿಸುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಸರಪಳಿಯಾಗಿ ನಿಂತಿವೆ. ರಿಕಾಪು ಮೂರು ಮಿಲಿಮೀಟರಿನಷ್ಟು ಉದ್ದದ, ಮನುಷ್ಯದೇಹದ ಅತಿ ಚಿಕ್ಕ ಮೂಳೆ. ತಮಟೆಯ ಅಗಲವಾದ ಹರವಿನ ಮೇಲೆ ಬಿದ್ದ ಒತ್ತಡವನ್ನು ಈ ಮೂಳೆಗಳು ಒಂದು ಸಣ್ಣ ಕಿಟಕಿಯ ಮೇಲೆ ಕೇಂದ್ರೀಕರಿಸುವುದರಿಂದ ಅದು ಇಪ್ಪತ್ತು ಪಟ್ಟಿಗೂ ಹೆಚ್ಚು ಬಲವಾಗುತ್ತದೆ. ಕಿಟಕಿಯಾಚೆ ಶಂಖದಂತೆ ಎರಡೂವರೆ ಸುತ್ತು ಸುರುಳಿಯಾದ, ದ್ರವ ತುಂಬಿದ ಕಾಕ್ಲಿಯಾ. ಅದರ ಉದ್ದಕ್ಕೂ ಹಾಸಿದ ಪೊರೆಯ ಮೇಲೆ ರೋಮಕೋಶಗಳ ಸಾಲುಗಳು. ಕೀಚಲು ಸದ್ದಿಗೆ ಬಾಗಿಲ ಬಳಿಯ ಭಾಗವೂ, ಗಡಸು ಸದ್ದಿಗೆ ಸುರುಳಿಯ ತುದಿಯೂ ಸ್ಪಂದಿಸುತ್ತವೆ. ಈ ಅಲೆಯ ಪಯಣವನ್ನು ಕಂಡುಹಿಡಿದ ಗೇಯೋರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅದೇ 1961ರಲ್ಲಿ, ಮಾರತ್ತಹಳ್ಳಿಯ ಪಕ್ಕದ ಎಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಾದ ಮಾರುತ್ ಯುದ್ಧವಿಮಾನ ಮೊದಲ ಬಾರಿ ಹಾರಿತು. ಅಂದು ಹೊಲ, ತೋಟ, ಕೆರೆಗಳ ನಡುವಿನ ಹಳ್ಳಿ ಆಕಾಶದ ಗುಡುಗನ್ನು ಕೇಳಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಆರಂಭವಾಗಿ ಪ್ರಯಾಣಿಕ ವಿಮಾನಗಳು ಅತ್ತ ಹೋದವು. ಆದರೆ ನೆಲದ ಸದ್ದು ತಗ್ಗಲಿಲ್ಲ. ಹೊರವರ್ತುಲ ರಸ್ತೆಯೂ ಹಳೆಯ ವಿಮಾನ ನಿಲ್ದಾಣ ರಸ್ತೆಯೂ ಸೇರುವ ಆ ಸ್ಥಳದಲ್ಲಿ ಅಂಗಡಿ, ಕಚೇರಿ, ವಸತಿಗೃಹಗಳೆಲ್ಲ ರಸ್ತೆಗೆ ಮುಖಮಾಡಿ ನಿಂತಿವೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿವೆ. ಇಬ್ಬರು ಸಹಜವಾಗಿ ಮಾತಾಡುವ ಸದ್ದೇ ಸುಮಾರು 60 ಡೆಸಿಬಲ್. ಹಾರ್ನುಗಳ ನಡುವೆ ಕೂಗಿ ಮಾತಾಡಬೇಕಾದ ಜಾಗದಲ್ಲಿ ನಿಯಮದ ಗತಿ ಏನೆಂದು ಯಾರಾದರೂ ಊಹಿಸಬಹುದು.

ಡೆಸಿಬಲ್ ಲೆಕ್ಕ ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು. ಇದು ಸಾಮಾನ್ಯ ಕೂಡುವ ಲೆಕ್ಕವಲ್ಲ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 85 ಡೆಸಿಬಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಕೆಲಸಗಾರರಿಗೆ ಒಪ್ಪಿತವಾದ ಮಿತಿ. ಪ್ರತಿ ಮೂರು ಡೆಸಿಬಲ್ಲಿಗೆ ಈ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬಲ್ಲಿಗೆ ಬರುವಾಗ ಉಳಿಯುವುದು ಹದಿನೈದೇ ನಿಮಿಷ. ರಸ್ತೆಯ ಗದ್ದಲವನ್ನು ಮುಚ್ಚಲೆಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಡಿನ ಸದ್ದನ್ನು ಏರಿಸುವ ಯುವಕ ಒಂದು ಹಾನಿಯ ಮೇಲೆ ಇನ್ನೊಂದನ್ನು ಹೇರಿಕೊಳ್ಳುತ್ತಾನೆ.

ಒಂದೊಂದು ಕಿವಿಯಲ್ಲಿ ರೋಮಕೋಶಗಳು ಸುಮಾರು 15,000 ಮಾತ್ರ. ಗಟ್ಟಿ ಸದ್ದಿಗೆ ಅವುಗಳ ರೋಮಗಳು ಬಾಗುತ್ತವೆ. ಪದೇ ಪದೇ ಬಾಗಿದರೆ ಮುರಿಯುತ್ತವೆ. ಕೊನೆಗೆ ಕೋಶವೇ ಸಾಯುತ್ತದೆ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಮನುಷ್ಯನ ಕಿವಿಗೆ ಆ ಭಾಗ್ಯವಿಲ್ಲ. ಹುಟ್ಟುವಾಗ ತಂದ ಗಂಟು ಖರ್ಚಾಗುವುದು ಮಾತ್ರ. ಮೊದಲು ಕುಂದುವುದು ಕೀಚಲು ಸದ್ದಿನ ಭಾಗ. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. "ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎಂಬ ದೂರು ಅಲ್ಲಿಂದ ಆರಂಭ. ಸಂಜೆಯ ಜೀರುಂಡೆಯ ದನಿ ಒಂದು ದಿನ ನಿಂತುಹೋದರೆ, ಕಾಡಿನಲ್ಲಿ ಜೀರುಂಡೆಯಿಲ್ಲವೆಂದಷ್ಟೇ ಭಾವಿಸಬೇಡಿ, ಕಿವಿಯನ್ನೂ ಪರೀಕ್ಷಿಸಿಕೊಳ್ಳಿ. ಕಿವಿಯಲ್ಲಿ ಅಭ್ಯಾಸವೆಂದರೆ ನಷ್ಟ. ಗದ್ದಲ ಮೊದಲಿನಂತೆ ಬಾಧಿಸುವುದಿಲ್ಲವೆನ್ನುವವನಲ್ಲಿ ಕೇಳುವ ಕೋಶಗಳೇ ಕಡಿಮೆಯಾಗಿರಬಹುದು.

ಈ ಪಾಠ ನಗರಕ್ಕಷ್ಟೇ ಸೀಮಿತವಲ್ಲ. ಮರ ಕೊಯ್ಯುವ ಯಂತ್ರದ ಸದ್ದು, ಅದನ್ನು ಹಿಡಿದವನ ಕಿವಿಯ ಬಳಿ, 100 ಡೆಸಿಬಲ್ಲನ್ನು ಮೀರುತ್ತದೆ. ಹುಲ್ಲು ಹೊಡೆಯುವ ಯಂತ್ರವೂ ಹೆಚ್ಚು ಹಿಂದೆ ಬಿದ್ದಿಲ್ಲ. ಮೌನಕ್ಕೆ ಹೆಸರಾದ ತೋಟದಲ್ಲಿ ನಿಂತ ಕೂಲಿಕಾರನ ಕಿವಿ, ಮಾರತ್ತಹಳ್ಳಿಯ ಸೇತುವೆಯ ಕೆಳಗೆ ನಿಂತವನ ಕಿವಿಗಿಂತ ಹೆಚ್ಚು ಅಪಾಯದಲ್ಲಿರಬಹುದು. ಹತ್ತಿಯ ಉಂಡೆ ಇದಕ್ಕೆ ಸಾಲದು. ಕಿವಿಯನ್ನು ಪೂರ್ತಿ ಮುಚ್ಚುವ ಕಿವಿಗವಚವೇ ಬೇಕು. ಸಂದೇಹವಿದ್ದವರು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇದೆ.

ಒಳಗಿವಿಯಲ್ಲಿ ಕೇಳಿಸಿಕೊಳ್ಳದ ಇನ್ನೊಂದು ಅಂಗವೂ ಇದೆ. ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುವನ್ನು ಅಳೆಯುತ್ತವೆ. ಅವುಗಳ ಬುಡದ ಎರಡು ಚೀಲಗಳು ಓಟವನ್ನೂ ವಾಲುವಿಕೆಯನ್ನೂ ತಿಳಿಸುತ್ತವೆ. ಘಾಟಿಯ ಬಸ್ಸಿನಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗಿಗೆ ವಾಂತಿಯಾಗುವುದು ಇದರಿಂದಲೇ. ನಾಳದ ದ್ರವ ತಿರುವುಗಳನ್ನು ಹೇಳುತ್ತದೆ. ಪುಟದ ಮೇಲಿನ ಕಣ್ಣು ಎಲ್ಲವೂ ನಿಶ್ಚಲವೆನ್ನುತ್ತದೆ. ದೂರದ ರಸ್ತೆಯನ್ನು ನೋಡಿದರೆ ಎರಡು ಸಾಕ್ಷಿಗಳೂ ಒಂದಾಗುತ್ತವೆ. ಪದೇ ಪದೇ ಓಡಾಡುವವರಿಗೆ ಇದು ಹಗುರಾಗುತ್ತದೆ. ಇಲ್ಲಿ ಅಭ್ಯಾಸ ಒಳ್ಳೆಯದೇ.

ಕಣ್ಣಿನಲ್ಲಿಯೂ ಒಳ್ಳೆಯ ಅಭ್ಯಾಸವುಂಟು. ಬೆಳಕು ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ದಾಟಿ, ಪಾಪೆಯ ಮೂಲಕ ಸಾಗಿ, ಮಸೂರದಲ್ಲಿ ಬಾಗಿ, ಅಕ್ಷಿಪಟಲದ ಮೇಲೆ ಬಿಂಬವಾಗುತ್ತದೆ. ಅಲ್ಲಿ ಮಬ್ಬು ಬೆಳಕಿಗೆ ಸುಮಾರು 12 ಕೋಟಿ ದಂಡಕೋಶಗಳು, ಬಣ್ಣಕ್ಕೆ ಸುಮಾರು 60 ಲಕ್ಷ ಶಂಕುಕೋಶಗಳು. ಬೆಳಕಿನಿಂದ ಕತ್ತಲೆಗೆ ಬಂದಾಗ ದಂಡಕೋಶಗಳು ತಮ್ಮ ವರ್ಣಕವನ್ನು ಮತ್ತೆ ತುಂಬಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೆ ಎ ಜೀವಸತ್ವ ಬೇಕು. ನುಗ್ಗೆಸೊಪ್ಪು, ಪಪ್ಪಾಯಿ, ಹಸಿರು ತರಕಾರಿ ಅದನ್ನು ಕೊಡುತ್ತವೆ. ರಾತ್ರಿಯೆಲ್ಲ ಬೆಳಕು ಆರದ ಮಾರತ್ತಹಳ್ಳಿಯಂಥ ಕಡೆ ಕಣ್ಣಿಗೆ ಈ ಕತ್ತಲೆಯ ವಿಶ್ರಾಂತಿ ಸಿಗುವುದೇ ಅಪರೂಪ.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದಲೇ ಅದು ಪಾರದರ್ಶಕ. ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡುವುದೂ ಸುಲಭ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ನೀಡಿದರು. ಅಷ್ಟು ಅಮೂಲ್ಯವಾದ ಪಟಲ ಮಲೆನಾಡಿನಲ್ಲಿ ಹಾಳಾಗುವುದು ಸುಣ್ಣದಿಂದ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಹೊಡೆಯುವ ಕೊನೆಗಾರನ ಮುಖ ಮೇಲಕ್ಕೆ. ದ್ರಾವಣದ ಹನಿ ಕೆಳಕ್ಕೆ. ಕ್ಷಾರವಾದ ಸುಣ್ಣ ಆಮ್ಲಕ್ಕಿಂತಲೂ ಆಳಕ್ಕೆ ಇಳಿಯುತ್ತದೆ. ಹನಿ ಬಿದ್ದರೆ ಉಜ್ಜಬಾರದು. ಕೂಡಲೇ ಶುದ್ಧ ನೀರಿನಿಂದ ಅರ್ಧ ಗಂಟೆಯಷ್ಟು ಹೊತ್ತು ತೊಳೆಯಬೇಕು, ಅನಂತರ ವೈದ್ಯರಲ್ಲಿಗೆ ಧಾವಿಸಬೇಕು. ಎಲೆಯಡಿಕೆಯ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗಬಾರದು. ಅದು ಒಡೆದು ಕಣ್ಣಿಗೆ ಸಿಡಿದರೆ ಪರಿಣಾಮ ಇದೇ.

ನಾಲಿಗೆಯ ಮಾತು ಚಿಕ್ಕದು. ಸಿಹಿ ತುದಿಗೆ, ಕಹಿ ಬುಡಕ್ಕೆ ಎಂಬ ಹಳೆಯ ಚಿತ್ರ ತಪ್ಪು. ರುಚಿಮೊಗ್ಗುಗಳಿರುವಲ್ಲೆಲ್ಲ ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದೂ ರುಚಿಗಳು ತಿಳಿಯುತ್ತವೆ. ಅವುಗಳ ಕೋಶಗಳು ಸುಮಾರು ಹತ್ತು ದಿನಗಳಿಗೊಮ್ಮೆ ಹೊಸದಾಗುತ್ತವೆ. ಉಪ್ಪು ತಗ್ಗಿಸಿದರೆ ಮೊದಲು ಸಪ್ಪೆಯೆನಿಸುತ್ತದೆ. ಕೆಲವು ವಾರಗಳಲ್ಲಿ ಕಡಿಮೆ ಉಪ್ಪೇ ಹಿತವಾಗುತ್ತದೆ.

ಹೀಗೆ ಅಭ್ಯಾಸವೆಂಬ ಒಂದೇ ಮಾತಿಗೆ ದೇಹದಲ್ಲಿ ಹಲವು ಅರ್ಥಗಳಿವೆ. ಪರಿಸರ ಕೆಟ್ಟಾಗ ಮೊದಲು ದೂರು ಕೊಡುವುದು ಇಂದ್ರಿಯಗಳು. ಆ ದೂರನ್ನು ಅವು ಬಹಳ ಕಾಲ ಹೇಳುತ್ತಲೇ ಇರುವುದಿಲ್ಲ. ಹಳ್ಳದ ನೀರಿನ ವಾಸನೆ ಬದಲಾದ ಮೊದಲ ದಿನವೇ ಪಂಚಾಯಿತಿಗೆ ಬರೆದು ತಿಳಿಸಿ. ಯಂತ್ರ ಹಿಡಿಯುವವನಿಗೆ ಕಿವಿಗವಚವನ್ನೂ ಔಷಧಿ ಹೊಡೆಯುವವನಿಗೆ ಕನ್ನಡಕವನ್ನೂ ಕೂಲಿಯ ಜೊತೆಗೇ ಕೊಡಿ. ಮಾರತ್ತಹಳ್ಳಿಯಿಂದ ಬಂದ ಮಗ "ಅಭ್ಯಾಸ ಆಗಿದೆ ಅಮ್ಮ" ಎಂದರೆ, ಅಲ್ಲಿಗೇ ಸಮಾಧಾನಪಟ್ಟುಕೊಳ್ಳದೆ ಅವನನ್ನು ಸಂಜೆ ತೋಟದ ಅಂಚಿಗೆ ಕರೆದೊಯ್ಯಿರಿ. ಜೀರುಂಡೆಯ ದನಿ ಕೇಳಿಸುತ್ತದೆಯೇ ಎಂದು ಕೇಳಿ.